ಕಲೆ, ರಾಜಕಾರಣ ಮತ್ತು ನಾನು ಬರೆದ ಒಂದು ಸ್ವಾಗತಗೀತೆ

ರಾಜ್ಯೋತ್ಸವದ ಸಮಾರಂಭವೊಂದರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿದ. ಮಾತಿನ ನಡುವೆ, “ಸರ್, ಹಾಡು, ನಾಟಕ, ಚಿತ್ರ ಇವು ರಾಜಕೀಯದಿಂದ ದೂರವಿರಬೇಕು ಎನ್ನುತ್ತಾರಲ್ಲ, ನೀವೇನು ಹೇಳುತ್ತೀರಿ?” ಎಂದು ಕೇಳಿದ. ಆಗತಾನೆ ವೇದಿಕೆಯ ಮೇಲೆ ಮಕ್ಕಳು ಕನ್ನಡ ನಾಡಿನ ಉದಯವನ್ನು ಹಾರೈಸುವ ಹುಯಿಲಗೋಳ ನಾರಾಯಣರಾಯರ ಗೀತೆಯನ್ನು ಹಾಡಿ ಇಳಿದಿದ್ದರು. “ಉತ್ತರ ಅಲ್ಲಿಯೇ ಇದೆಯಲ್ಲಪ್ಪಾ” ಎಂದೆ. ಅಂದು ಹೇಳಲಾಗದೆ ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

1924ರಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದಲ್ಲಿ ಆ ಗೀತೆಯನ್ನು ಹಾಡಲಾಯಿತು. ಆಗ ಕನ್ನಡಿಗರು ಮುಂಬಯಿ, ಮದರಾಸು ಪ್ರಾಂತಗಳಲ್ಲಿ, ಮೈಸೂರು, ಹೈದರಾಬಾದು ಸಂಸ್ಥಾನಗಳಲ್ಲಿ, ಕೊಡಗಿನಲ್ಲಿ ಹಂಚಿಹೋಗಿದ್ದರು. ಏಕೀಕರಣವೆಂಬುದು ಅಂದು ಅಪ್ಪಟ ರಾಜಕೀಯ ಬೇಡಿಕೆ. 1956ರ ನವೆಂಬರ್ 1ರಂದು ಅದು ಈಡೇರಿತು. ಬೇಡಿಕೆ ಮುಗಿಯಿತು, ಹಾಡು ಮುಗಿಯಲಿಲ್ಲ. ಕವಿಯ ಹಂಬಲ ನಿಜವಾಗಿದ್ದುದೇ ಇದಕ್ಕೆ ಕಾರಣವೆಂದು ನನ್ನ ನಂಬಿಕೆ.

1975ರಲ್ಲಿ ಪ್ರಕಟವಾದ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಕೂಡ ಹಾಗೆಯೇ. ದಲಿತ ಚಳವಳಿಯೊಂದಿಗೆ ಅವರ ಹಾಡುಗಳು ಊರೂರು ಸುತ್ತಿದವು. ನಮ್ಮ ಶಾಲೆಯ ಮುಂದಿನ ರಸ್ತೆಯಲ್ಲಿ ಒಮ್ಮೆ ತಂಡವೊಂದು ಆ ಹಾಡುಗಳನ್ನು ಹಾಡುತ್ತ ಸಾಗಿತು. ತರಗತಿಯಲ್ಲಿ ಎಂದೂ ಬಾಯಿ ಬಿಡದ ಹುಡುಗನೊಬ್ಬ ಕಿಟಕಿಯ ಬಳಿ ನಿಂತು ಒಂದು ಸಾಲೂ ತಪ್ಪದಂತೆ ದನಿಗೂಡಿಸಿದ. ಆ ಹಾಡುಗಳನ್ನು ಬರಿಯ ಘೋಷಣೆ ಎನ್ನಲು ಅಂದಿನಿಂದ ನನಗೆ ನಾಲಗೆ ಏಳದು.

ಹಾಗಾದರೆ ರಾಜಕೀಯಕ್ಕಾಗಿ ಕಟ್ಟಿದ ಹಾಡೆಲ್ಲವೂ ಒಳ್ಳೆಯದೇ? ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಿಕೊಳ್ಳಬೇಕು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಶಾಲಾ ವಾರ್ಷಿಕೋತ್ಸವಕ್ಕೆ ಮುಖಂಡರೊಬ್ಬರು ಬರುವವರಿದ್ದರು. ಹೊಸ ಕೊಠಡಿಯೊಂದು ಮಂಜೂರಾಗಬೇಕಿತ್ತು. ಮುಖ್ಯೋಪಾಧ್ಯಾಯರ ಸೂಚನೆಯಂತೆ ಪರಿಚಿತ ಧಾಟಿಯೊಂದಕ್ಕೆ ಸ್ವಾಗತಗೀತೆ ಬರೆದೆ. ಪಲ್ಲವಿಯಲ್ಲಿ ಅವರ ಹೆಸರು, ಪ್ರತಿ ಚರಣದ ಕೊನೆಯಲ್ಲಿ ಮತ್ತೆ ಅವರ ಹೆಸರು. ಅವರು ಬರುವುದು ಮೂರು ತಾಸು ತಡವಾಯಿತು. ಮಕ್ಕಳು ಬಿಸಿಲಿನಲ್ಲಿ ನಿಂತು ಹಾಡಿದರು. ಅಭ್ಯಾಸದ ವೇಳೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬ, “ಸರ್, ಮುಂದಿನ ಸಲ ಬೇರೆಯವರು ಬಂದರೆ ಹೆಸರು ಬದಲಾಯಿಸಿದರೆ ಸಾಕಲ್ಲವೇ?” ಎಂದು ಕೇಳಿದ್ದ. ಅಧಿಕಪ್ರಸಂಗವೆಂದು ಗದರಿಸಿ ಅವನನ್ನು ಸಾಲಿನಿಂದ ಹೊರಗೆ ನಿಲ್ಲಿಸಿದ್ದೆ.

ಮೂರು ವರ್ಷಗಳ ಬಳಿಕ ಎದುರು ಪಕ್ಷದ ಮುಖಂಡರು ಬಂದರು. “ಅದೇ ಹಾಡು ಇರಲಿ ಮೇಷ್ಟ್ರೇ” ಎಂದರು ಮುಖ್ಯೋಪಾಧ್ಯಾಯರು. ಹೆಸರು ಬದಲಾಯಿಸಿದೆ. ಇಬ್ಬರ ಹೆಸರಿಗೂ ಐದೈದು ಮಾತ್ರೆ. ಛಂದಸ್ಸು ಎಲ್ಲಿಯೂ ಕೆಡಲಿಲ್ಲ. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಹಿಂದಿನ ಕವಿಗಳೂ ಅರಸರನ್ನು ಹೊಗಳಿದರಲ್ಲವೇ ಎಂದು ಕೆಲವರು ಕೇಳುವುದುಂಟು. ನಿಜ. ಪಂಪನು ತನ್ನ ಆಶ್ರಯದಾತ ಅರಿಕೇಸರಿಯನ್ನು ಅರ್ಜುನನೊಂದಿಗೆ ಸಮೀಕರಿಸಿ ‘ವಿಕ್ರಮಾರ್ಜುನ ವಿಜಯ’ ಬರೆದ. ಆದರೆ ಆ ಕಾವ್ಯವನ್ನು ಪಾಠ ಮಾಡಿದ ಯಾವ ಅಧ್ಯಾಪಕನನ್ನಾದರೂ ಕೇಳಿ, ಮಕ್ಕಳ ಮನಸ್ಸಿನಲ್ಲಿ ನಿಲ್ಲುವವನು ಕರ್ಣ. ಒಡೆಯನ ಋಣ ತೀರಿಸುವಾಗಲೂ ಪಂಪ ತನ್ನ ಹೃದಯವನ್ನು ಒತ್ತೆಯಿಡಲಿಲ್ಲ. ಆ ಸ್ವಾತಂತ್ರ್ಯವೇ ಅವನನ್ನು ಉಳಿಸಿತು.

ಆದುದರಿಂದ ಕಲೆ ರಾಜಕಾರಣದಿಂದ ದೂರವಿರಬೇಕೆಂದು ನಾನು ಹೇಳಲಾರೆ. ಅನ್ಯಾಯವನ್ನು ಕಂಡು ಕಲಾವಿದನ ಕರುಳು ಮಿಡಿದರೆ ಅವನು ಹಾಡಲೇಬೇಕು. ಅದನ್ನು ತಡೆಯಲು ನಾವಾರು? ಆದರೆ ಅಪ್ಪಣೆಗಾಗಿ, ಅನುದಾನಕ್ಕಾಗಿ, ಭಯಕ್ಕಾಗಿ ಕಟ್ಟಿದ ಹಾಡು ಕೂಲಿಯ ಹಾಡು. ಎರಡನ್ನೂ ಗುರುತಿಸುವ ಒರೆಗಲ್ಲನ್ನು ಆ ಹುಡುಗ ಅಂದೇ ನನ್ನ ಕೈಗಿತ್ತಿದ್ದ: ಹೆಸರು ಬದಲಾಯಿಸಿ ನೋಡಿ. ಹಾಡಿಗೆ ಏನೂ ಆಗದಿದ್ದರೆ, ಅದರಲ್ಲಿ ಮೊದಲಿನಿಂದಲೂ ಏನೂ ಇರಲಿಲ್ಲ.

ಕೊಠಡಿ ಮಂಜೂರಾಯಿತು, ನಿಮ್ಮಲ್ಲಿ ಹಲವರು ಅದರಲ್ಲಿಯೇ ಕುಳಿತು ಓದಿದಿರಿ. ಅದಕ್ಕೆ ನನಗೆ ಸಂತೋಷವಿದೆ. ಆದರೆ ಸಾಲಿನಿಂದ ಹೊರಗೆ ನಿಂತ ಆ ವಿದ್ಯಾರ್ಥಿ ಇದನ್ನು ಓದುತ್ತಿದ್ದರೆ, ಅವನಿಗೊಂದು ಮಾತು: ಅಂದು ನೀನು ಕೇಳಿದ ಪ್ರಶ್ನೆ ಸರಿಯಾಗಿತ್ತು, ಮಗೂ. ಉತ್ತರ ಹೇಳಲು ನಿನ್ನ ಮೇಷ್ಟರಿಗೆ ಧೈರ್ಯವಿರಲಿಲ್ಲ.