ವಿಜ್ಞಾನ ವಿಚಾರ: ಕತ್ತಿನ ಗಂಟು, ಜೀವಕೋಶದ ಗುರುತು



ಈ ಸಲದ ಅಂಕಣಕ್ಕೆ ವಿಷಯ ಒದಗಿಸಿದವರು ಇಲ್ಲಿ ಸನದ್‌ನಲ್ಲಿರುವ ಸದಸ್ಯೆಯೊಬ್ಬರು. ಕತ್ತಿನಲ್ಲಿ ಸಣ್ಣದೊಂದು ಥೈರಾಯಿಡ್ ಗಂಟು. ಸ್ಕ್ಯಾನಿಂಗ್ ಆಯಿತು, ಸೂಜಿ ಪರೀಕ್ಷೆಯೂ ಆಯಿತು. ವರದಿಯಲ್ಲಿ ‘ಬೆಥೆಸ್ಡಾ 3’ ಎಂದು ಬರೆದಿದೆ. “ಇದು ಕ್ಯಾನ್ಸರ್ ಹೌದೋ ಅಲ್ಲವೋ? ಇಲ್ಲೇ ಆಪರೇಷನ್ ಮಾಡಿಸುವುದೋ, ರಜೆಯಲ್ಲಿ ಊರಿಗೆ ಹೋದಾಗಲೋ? ಜೀವಕೋಶಗಳ ಗುರುತು ನೋಡುವ ಪರೀಕ್ಷೆ ಉಂಟಂತೆ, ಅದರಿಂದ ಖಚಿತವಾಗುತ್ತದೆಯೇ?” ಎಂಬುದು ಅವರ ಪ್ರಶ್ನೆ. ನಾನು ವೈದ್ಯನಲ್ಲ. ಆದರೆ ಕೊನೆಯ ಪ್ರಶ್ನೆ ರಸಾಯನಶಾಸ್ತ್ರಕ್ಕೂ ಸೇರಿದ್ದಾದ್ದರಿಂದ ಉತ್ತರಿಸುವ ಧೈರ್ಯ ಮಾಡಿದ್ದೇನೆ.

ಮೊದಲು ಸಮಾಧಾನದ ಮಾತು. ಥೈರಾಯಿಡ್ ಗಂಟು ಬಲು ಸಾಮಾನ್ಯ; ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಗಂಟುಗಳು ನಿರಪಾಯಕಾರಿ. ಹಿಂದೆ ಮಲೆನಾಡಿನಲ್ಲಿ ಗಳಗಂಡವನ್ನು ಕಣ್ಣಿನಿಂದಲೇ ನೋಡುತ್ತಿದ್ದೆವು. ಈಗಿನ ಎಷ್ಟೋ ಗಂಟುಗಳು ಕೈಗೂ ಸಿಕ್ಕುವುದಿಲ್ಲ, ಯಂತ್ರದ ಕಣ್ಣಿಗೆ ಮಾತ್ರ ಬೀಳುತ್ತವೆ. ದಕ್ಷಿಣ ಕೊರಿಯಾದಲ್ಲಿ ಹೀಗೆ ಹುಡುಕುತ್ತಾ ಹೋದುದರಿಂದ 2011ರಲ್ಲಿ ಪತ್ತೆಯಾದ ಥೈರಾಯಿಡ್ ಕ್ಯಾನ್ಸರಿನ ಪ್ರಮಾಣ 1993ರ ಹದಿನೈದು ಪಟ್ಟಾಯಿತು; ಸಾವಿನ ಪ್ರಮಾಣ ಮಾತ್ರ ಬದಲಾಗಲಿಲ್ಲ. ಹಾಗೆಂದು ಅಸಡ್ಡೆಯೂ ಸಲ್ಲದು. ಕೊಲ್ಲಿ ದೇಶಗಳ ಹೆಂಗಸರಲ್ಲಿ ಹೆಚ್ಚಾಗಿ ಕಾಣುವ ಕ್ಯಾನ್ಸರುಗಳ ಸಾಲಿನಲ್ಲಿ ಥೈರಾಯಿಡಿನದೂ ಸೇರಿದೆ.

ಇನ್ನು ಆ ‘ಬೆಥೆಸ್ಡಾ’. 2007ರಲ್ಲಿ ಅಮೆರಿಕದ ಬೆಥೆಸ್ಡಾ ಎಂಬ ಊರಿನಲ್ಲಿ ತಜ್ಞರು ಸಭೆ ಸೇರಿದರು. ಅದರ ಫಲವಾಗಿ ಸೂಜಿ ಪರೀಕ್ಷೆಯ ಫಲಿತಾಂಶಗಳನ್ನು ಆರು ವರ್ಗ ಮಾಡಲಾಯಿತು. 1 ಎಂದರೆ ಸಾಕಷ್ಟು ಜೀವಕೋಶ ಸಿಗಲಿಲ್ಲ. 2 ನಿರಪಾಯ. 5 ಬಲವಾದ ಸಂಶಯ. 6 ಕ್ಯಾನ್ಸರ್. ನಡುವಿನ 3 ಮತ್ತು 4 ಮಾತ್ರ ತ್ರಿಶಂಕು ಸ್ಥಿತಿ. ಕೆಲವು ಜಾತಿಯ ಗಂಟುಗಳಲ್ಲಿ ಕ್ಯಾನ್ಸರ್ ಎನ್ನಬೇಕಾದರೆ ಕೋಶಗಳು ಗಂಟಿನ ಸುತ್ತಲ ಪೊರೆಯನ್ನು ಭೇದಿಸಿರಬೇಕು. ಸೂಜಿಯಲ್ಲಿ ಬಂದ ಬಿಡಿ ಕೋಶಗಳಿಂದ ಇದು ತಿಳಿಯದು. ಕೈಗೆ ಸಿಕ್ಕ ನಾಲ್ಕು ಇಟ್ಟಿಗೆ ನೋಡಿ ಕಾಂಪೌಂಡು ಒಡೆದಿದೆಯೇ ಎಂದು ಹೇಳಲಾದೀತೇ? ಆದ್ದರಿಂದ ಥೈರಾಯಿಡಿನ ಅರ್ಧ ಭಾಗ ತೆಗೆದೇ ನೋಡಬೇಕಾಗುತ್ತಿತ್ತು. ತೆಗೆದ ಮೇಲೆ ಬಹುಪಾಲು ನಿರಪಾಯವೆಂದೇ ತಿಳಿಯುತ್ತಿತ್ತು!

ಇಲ್ಲಿ ನೆರವಿಗೆ ಬರುವುದೇ ಗುರುತುಗಳು. ಗ್ಯಾಲೆಕ್ಟಿನ್-3 ಒಂದು ಪ್ರೋಟೀನು, ಗ್ಯಾಲಕ್ಟೋಸ್ ಸಕ್ಕರೆಯಿರುವ ಅಣುಗಳನ್ನು ಹಿಡಿದುಕೊಳ್ಳುವ ಸ್ವಭಾವದ್ದು. ಆರೋಗ್ಯವಂತ ಥೈರಾಯಿಡ್ ಕೋಶದಲ್ಲಿ ಇದು ಹೆಚ್ಚು ಕಡಿಮೆ ಇಲ್ಲವೆಂದೇ ಹೇಳಬೇಕು. ಕ್ಯಾನ್ಸರ್ ಕೋಶಗಳಲ್ಲಿ ಸಾಮಾನ್ಯವಾಗಿ ಧಾರಾಳ. ಅದಕ್ಕೆ ಮಾತ್ರ ಅಂಟುವ ಪ್ರತಿಕಾಯವನ್ನು ಬಿಟ್ಟು, ಒಂದು ಕಿಣ್ವದ ಸಹಾಯದಿಂದ ಬಣ್ಣ ಬರಿಸಿದರೆ ಅಂತಹ ಕೋಶಗಳು ಕಂದು ಬಣ್ಣ ತಾಳುತ್ತವೆ. ಇನ್ನೊಂದು ಬಗೆಯ ಪರೀಕ್ಷೆ ನೂರಕ್ಕೂ ಹೆಚ್ಚು ಜೀನ್‌ಗಳ ಚಟುವಟಿಕೆಯನ್ನು ಒಟ್ಟಿಗೆ ಅಳೆಯುತ್ತದೆ.

ಅಂಕಿಗಳನ್ನು ನೋಡೋಣ. 2008ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನದಲ್ಲಿ ಗ್ಯಾಲೆಕ್ಟಿನ್ ಪರೀಕ್ಷೆ ನೂರು ಕ್ಯಾನ್ಸರುಗಳಲ್ಲಿ 78ನ್ನು ಹಿಡಿಯಿತು. ನೂರು ನಿರಪಾಯ ಗಂಟುಗಳಲ್ಲಿ 7ಕ್ಕೆ ಮಾತ್ರ ಸುಳ್ಳು ಗಂಟೆ ಬಾರಿಸಿತು. 2012ರ ಜೀನ್ ಅಧ್ಯಯನದಲ್ಲಿ ನಿರ್ಧಾರವಾಗದ 265 ಗಂಟುಗಳಿದ್ದವು. ಅವುಗಳಲ್ಲಿದ್ದ 85 ಕ್ಯಾನ್ಸರುಗಳಲ್ಲಿ 78 ಸಿಕ್ಕಿಬಿದ್ದವು. ಆದರೆ ನಿರಪಾಯ ಗಂಟುಗಳ ಪೈಕಿ ಸುಮಾರು ಅರ್ಧವನ್ನು ಮಾತ್ರ ನಿರಪಾಯವೆಂದು ಗುರುತಿಸಿತು. 2018ರಲ್ಲಿ ವರದಿಯಾದ ಸುಧಾರಿತ ರೂಪದಲ್ಲಿ ಈ ಪಾಲು ನೂರಕ್ಕೆ 68ಕ್ಕೆ ಏರಿತು.

ನಮ್ಮ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ಮೊದಲನೆಯದು ‘ಹೌದು’ ಎಂದಾಗ ಹೆಚ್ಚು ನಂಬಬಹುದು, ‘ಇಲ್ಲ’ ಎಂದಾಗ ಅಷ್ಟಿಲ್ಲ. ಎರಡನೆಯದು ‘ಇಲ್ಲ’ ಎಂದರೆ ಆಪರೇಷನ್ ಬಿಟ್ಟು ಕಾದು ನೋಡಲು ಆಧಾರ ಸಿಗುತ್ತದೆ, ‘ಹೌದು’ ಎಂದರೆ ಅದು ತೀರ್ಪಲ್ಲ, ಸಂಶಯ ಮಾತ್ರ. ಎರಡೂ ನೂರಕ್ಕೆ ನೂರಲ್ಲ. 2ನೇ ಅಥವಾ 6ನೇ ವರ್ಗದವರಿಗೆ ‘ಕ್ಯಾನ್ಸರೋ ಅಲ್ಲವೋ’ ಎಂದು ತಿಳಿಯಲು ಇವು ಸಾಮಾನ್ಯವಾಗಿ ಬೇಕಿಲ್ಲ, ವೃಥಾ ಖರ್ಚು.

ಕೆಲವು ಸಲಹೆಗಳು. ವೈದ್ಯರನ್ನು ಕೇಳಿ: ನನ್ನದು ಯಾವ ವರ್ಗ? ಸ್ಕ್ಯಾನಿಂಗ್ ಏನು ಹೇಳುತ್ತದೆ? ಈ ಪರೀಕ್ಷೆಯ ಫಲಿತಾಂಶದಿಂದ ಚಿಕಿತ್ಸೆ ಬದಲಾಗುತ್ತದೆಯೇ? ಬದಲಾಗದಿದ್ದರೆ ಹಣ ಉಳಿಸಿ. ಸೂಜಿ ಹಾಕುವ ಮೊದಲೇ, ಮುಂದಿನ ಪರೀಕ್ಷೆಗೆ ಕೋಶಗಳನ್ನು ತೆಗೆದಿಡುತ್ತೀರಾ ಎಂದು ವಿಚಾರಿಸಿ. ಊರಿಗೆ ಹೋಗುವವರು ಬರೀ ವರದಿಯಲ್ಲ, ಗಾಜಿನ ಸ್ಲೈಡುಗಳನ್ನೂ ಕೇಳಿ ಪಡೆದುಕೊಳ್ಳಿ. ಮಂಗಳೂರು, ಮಣಿಪಾಲ, ಬೆಂಗಳೂರಿನ ಕಿದ್ವಾಯಿ, ಎಲ್ಲಿಗೇ ಹೋದರೂ ಇನ್ನೊಬ್ಬ ತಜ್ಞರು ಅದೇ ಕೋಶಗಳನ್ನು ನೋಡಬಹುದು. ಮತ್ತೆ ಸೂಜಿ ಚುಚ್ಚಿಸಿಕೊಳ್ಳುವುದು ತಪ್ಪೀತು.

ಬಹುಪಾಲು ಥೈರಾಯಿಡ್ ಕ್ಯಾನ್ಸರುಗಳು ನಿಧಾನವಾಗಿ ಬೆಳೆಯುವಂಥವು. ಆದ್ದರಿಂದ 3ನೇ ವರ್ಗದವರಿಗೆ ಎರಡನೆಯ ಅಭಿಪ್ರಾಯ ಪಡೆಯಲು ಸಾಮಾನ್ಯವಾಗಿ ಸಮಯ ಇರುತ್ತದೆ. ಗಂಟು ಬೇಗ ಬೇಗ ಬೆಳೆಯುತ್ತಿದ್ದರೆ, ಸ್ವರ ಒಡೆದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಮಾತ್ರ ರಜೆಗೆ ಕಾಯಬೇಡಿ, ಇಲ್ಲೇ ತಕ್ಷಣ ತೋರಿಸಿ.

ಮುಂದಿನ ಸಂಚಿಕೆಗೆ ನಿಮ್ಮ ಪ್ರಶ್ನೆಗಳನ್ನು ಸಂಪಾದಕರ ಕೈಗೆ ಕೊಡಿ.