ಗಂಡನ ಸೈನ್

ಹೋದ ವರ್ಷ ನಮ್ಮ ಓಣಿಯ ಹೆಣ್ಣುಮಗಳೊಬ್ಬಳ ಜೊತೆ ಬಸವಕಲ್ಯಾಣದಿಂದ ಹುಮನಾಬಾದಿಗೆ ಬಸ್ಸು ಹತ್ತಿದ್ದೆ. ಎರಡು ಮಕ್ಕಳ ತಾಯಿ. ಗುಳಿಗೆ ನುಂಗುತ್ತಿದ್ದರೂ ಮುಟ್ಟು ನಿಂತಿತ್ತು. ಆಗಲೇ ಎಂಟು ವಾರ. ಕಲ್ಯಾಣದಲ್ಲಾದರೆ ಗುರುತಿನವರು ಸಿಗುತ್ತಾರೆಂಬ ಅಂಜಿಕೆಗೆ ಹುಮನಾಬಾದು.

“ಗಂಡ ಎಲ್ಲವ್ವಾ?” ಆಸ್ಪತ್ರೆಯ ಕೌಂಟರಿನಲ್ಲಿ ಕೇಳಿದರು.

“ಪುಣೆಕ್ಕ ಕೆಲ್ಸಕ್ಕ ಹೋಗ್ಯಾರ್ರಿ.”

“ಅವರಿಗಿ ಕರ್ಕೊಂಡು ಬಾ. ಗಂಡನ ಸೈನ್ ಇಲ್ದೆ ನಾವು ಕೈ ಹಚ್ಚಲ್ಲ.”

ಆತ ರಜೆ ಹಾಕಿ ಬರುವಷ್ಟರಲ್ಲಿ ಹದಿನಾರು ದಿನ ಕಳೆದವು. ಒಂಬತ್ತು ವಾರದೊಳಗಾಗಿದ್ದರೆ ಗುಳಿಗೆಯಲ್ಲೇ ಮುಗಿಯಬಹುದಿತ್ತು. ಈಗ ಆಪರೇಷನ್ ಟೇಬಲ್ ಹತ್ತಬೇಕಾಯಿತು.

ಅಂದು ನಾನೂ ಸುಮ್ಮನಿದ್ದೆ. ಕಾನೂನೇ ಹಾಗಿರಬೇಕು ಅಂದುಕೊಂಡೆ. ಆಮೇಲೆ ಓದಿ ನೋಡಿದರೆ ಹಾಗಿಲ್ಲ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯ 3ನೇ ಕಲಂ ಕೇಳುವುದು ಗರ್ಭಿಣಿಯ ಒಪ್ಪಿಗೆಯನ್ನು. ಹದಿನೆಂಟು ತುಂಬದವಳು ಅಥವಾ ಮಾನಸಿಕ ಅಸ್ವಸ್ಥೆಯಾದರೆ ಮಾತ್ರ ಪೋಷಕರ ಲಿಖಿತ ಒಪ್ಪಿಗೆ ಬೇಕು. ಒಪ್ಪಿಗೆಯ ನಮೂನೆ ‘ಸಿ’ಯಲ್ಲಿ ಯಾರ ಮಗಳು, ಯಾರ ಹೆಂಡತಿ ಎಂದು ಬರೆಯಲು ಜಾಗವಿದೆ, ನಿಜ. ಆದರೆ ವಯಸ್ಕಳಾದರೆ ಸಹಿ ಅವಳದೊಂದೇ. 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ: ಮನೆಯವರ ಒಪ್ಪಿಗೆಯಂಥ, ಕಾನೂನಿನಲ್ಲಿಲ್ಲದ ಷರತ್ತುಗಳನ್ನು ವೈದ್ಯರು ಹಾಕಬಾರದು.

ಡಾಕ್ಟರರ ಅಂಜಿಕೆಯೂ ಸುಳ್ಳಲ್ಲ. ನಾಳೆ ಗಂಡನ ಕಡೆಯವರು ಬಂದು ಗಲಾಟೆ ಮಾಡಿದರೆ? ಅದಕ್ಕೇ ಅದೇ ಕಾಯ್ದೆಯ 8ನೇ ಕಲಂ ಸದುದ್ದೇಶದಿಂದ ಕೆಲಸ ಮಾಡಿದ ವೈದ್ಯರಿಗೆ ರಕ್ಷಣೆ ಕೊಟ್ಟಿದೆ. ಆಸ್ಪತ್ರೆ ತನ್ನ ಅಂಜಿಕೆಗೆ ಹೆಣ್ಣಿನ ಮೈಯನ್ನು ಒತ್ತೆ ಇಡಬಾರದು.

ನನ್ನ ಸಿಟ್ಟು ಇನ್ನೊಂದಕ್ಕೆ. ಗಂಡನ ಸೈನಿಗೆ ಅಷ್ಟು ಹಟ ಹಿಡಿದವರು ಅವಳಿಗೆ ಹೇಳಿದ್ದೇನು? ಯಾವ ದಾರಿಗಳಿವೆ, ಎಷ್ಟು ದಿನ ರಕ್ತ ಹೋಗುತ್ತದೆ, ಏನಾದರೆ ಓಡಿ ಬರಬೇಕು, ಒಂದೂ ಇಲ್ಲ. ಇಂಗ್ಲಿಷಿನ ಕಾಗದ ಮುಂದಿಟ್ಟು ಬೆರಳು ತೋರಿಸಿದರು, ಅವಳು ಹೆಸರು ಬರೆದಳು. ತಿಳಿಯದೆ ಹಾಕಿದ ಸಹಿ ಒಪ್ಪಿಗೆ ಹೇಗಾದೀತು?

ನಾವು ಕಲ್ಯಾಣದವರು. ಅನುಭವ ಮಂಟಪದಲ್ಲಿ ಹೆಣ್ಣಿನ ಮಾತಿಗೂ ಗಂಡಿನಷ್ಟೇ ತೂಕವಿತ್ತು ಎಂದು ಬಂದವರಿಗೆಲ್ಲ ಎದೆಯುಬ್ಬಿಸಿ ಹೇಳುತ್ತೇವೆ. ಅದೇ ಊರಿನ ಹೆಣ್ಣು ತನ್ನ ಮೈಯ ಮಾತಿಗೆ ಗಂಡನ ರುಜು ತರಬೇಕಂತೆ. ಹನ್ನೆರಡನೆಯ ಶತಮಾನದ ಹೆಮ್ಮೆಯನ್ನು ಎಷ್ಟು ದಿನ ಉಣ್ಣುವುದು?

ಹೊಸ ಕಾನೂನು ಬೇಡ, ಇದ್ದದ್ದನ್ನು ನಡೆಸಿದರೆ ಸಾಕು. ಗರ್ಭಪಾತ ಮಾಡುವ ಪ್ರತಿ ಆಸ್ಪತ್ರೆಯ ಗೋಡೆಗೆ ‘ವಯಸ್ಕ ಮಹಿಳೆಯ ಒಪ್ಪಿಗೆಯೊಂದೇ ಸಾಕು’ ಎಂದು ಕನ್ನಡದಲ್ಲಿ, ಉರ್ದು, ಮರಾಠಿಯಲ್ಲಿ ಬರೆಯಿಸಿ. ನಮೂನೆಯನ್ನು ಅವಳ ಭಾಷೆಯಲ್ಲಿ ಓದಿ ಹೇಳಿ, ಆಮೇಲೆ ಪೆನ್ನು ಕೊಡಿ.

ಮುಂದಿನ ಸಲ ಯಾರ ಜೊತೆಗಾದರೂ ಆ ಕೌಂಟರಿನ ಮುಂದೆ ನಿಂತರೆ ನಾನು ಸುಮ್ಮನಿರುವುದಿಲ್ಲ. “ಯಾವ ಕಾನೂನಿನ್ಯಾಗ ಅದರಿ, ತೋರಸ್ರಿ” ಅನ್ನುತ್ತೇನೆ. ನೀವೂ ಅನ್ನಿ.