ಅಂಟಿನುಂಡಿ ಬಾಣಂತಿಗಷ್ಟ ಯಾಕ?

ಹೋದ ವಾರ ನಮ್ಮ ಓಣಿಯೊಳಗ ಒಬ್ಬರ ಸೊಸಿ ಹಡದ್ಲು. ಅಂಟಿನುಂಡಿ ಕಟ್ಟಾಕ ಎಂಟು ಮಂದಿ ಕೂತಿದ್ವಿ. ಒಣಕೊಬ್ಬರಿ ಹೆರಿಯೋರು, ಉತ್ತತ್ತಿ ಕುಟ್ಟೋರು, ತುಪ್ಪದಾಗ ಅಂಟು ಹುರಿಯೋರು. ಏಳೂ ಹೊತ್ತಿಗೆ ಐದು ಮಂದಿ ನಡಾ ಹಿಡಕೊಂಡು ಎದ್ವಿ. ಒಬ್ಬಾಕಿಗೆ ಕಣ್ಣಿಗೆ ಕತ್ತಲಿ ಬಂದು ಗ್ವಾಡಿ ಹಿಡದು ನಿಂತ್ಲು. "ಏನ್ ಮಾಡೂದವ್ವಾ, ವಯಸ್ಸಾತು" ಅಂದ್ಲು. ಆಕಿ ವಯಸ್ಸು 41! ಒಂದು ಉಂಡಿ ತಿನ್ನಾ ಅಂತ ಕೈಯಾಗ ಇಟ್ರ "ಅಯ್ಯ, ಅದು ಬಾಣಂತಿದು" ಅಂತ ತಿರಗಿ ಡಬ್ಬಿಗೆ ಹಾಕಿದ್ಲು. ಅವತ್ತಿನ ಸಿಟ್ಟು ಇನ್ನೂ ಇಳದಿಲ್ಲ ನನಗ.

ನಮ್ಮ ಹಿರೇರು ಶಾಣ್ಯಾ ಇದ್ರು, ಅದನ್ನ ಒಪ್ಪತೀನಿ. ಹುಡಿಗಿ ದೊಡ್ಡಾಕಿ ಆದ್ಲಂದ್ರ ಎಳ್ಳು, ಬೆಲ್ಲ, ಕೊಬ್ಬರಿ. ಬಸುರಿ ಇದ್ರ ಬಯಸಿದ್ದು. ಹಡದ್ರ ಅಂಟಿನುಂಡಿ. ಹೆಣ್ಣಿನ ಮೈಗೆ ಹೊತ್ತಿಗೊಂದು ಥರದ ಆಹಾರ ಬೇಕು ಅನ್ನೂದು ಅವರಿಗೆ ಗೊತ್ತಿತ್ತು. ಆದ್ರ ಖರೇ ಹೇಳ್ರಿ, ಆ ಉಂಡಿ ಯಾರಿಗೆ? ಕೂಸಿನ ಹಾಲಿಗೆ. ಕೂಸು ಹಾಲು ಬಿಟ್ಟ ಕೂಡ್ಲೆ ಡಬ್ಬಿ ಬಂದ್. ಮುಂದ ಮೂವತ್ತು ವರ್ಷ ತಿಂಗಳಾ ರಕ್ತ ಹೋಗತೈತಲ್ಲ, ಅದಕ್ಕ ಯಾವ ಉಂಡಿ ಕಟ್ಟೇವಿ ನಾವು?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಮತ್ತು ಐಸಿಎಂಆರ್‌ನವರು 2020ರಾಗ ಒಂದು ಪಟ್ಟಿ ಕೊಟ್ಟಾರ. ಗಂಡಸಿಗೆ ದಿನಕ್ಕ 19 ಮಿಲಿಗ್ರಾಂ ಕಬ್ಬಿಣದಂಶ ಸಾಕು. ಮುಟ್ಟಾಗೂ ಹೆಂಗಸಿಗೆ 29 ಬೇಕು. ಈಗ ನಿಮ್ಮ ಅಡಗಿಮನಿ ನೆನಸ್ಕೋರಿ. ಕಾಳಿನ ಪಲ್ಲೆ ಮೊದಲ ಯಾರ ತಾಟಿಗೆ ಹೋಗತೈತಿ? ಹೆಚ್ಚು ಬೇಕಾದಾಕಿ ಕಡೀಕ ಕೂತು, ಆರಿದ ರೊಟ್ಟಿಗೆ ಖಾರ ಹಚಕೊಂಡು, ಮ್ಯಾಲೆ ಒಂದು ಕಪ್ಪು ಚಾ ಕುಡಿದು ಎದ್ದು ಬಿಡತಾಳ. ಊಟದ ಜೋಡಿ ಚಾ ಕುಡದ್ರ ಇದ್ದಷ್ಟು ಕಬ್ಬಿಣನೂ ಮೈಗೆ ಹತ್ತೂದಿಲ್ಲ. ಒಂದು ಹೋಳು ಲಿಂಬಿಹಣ್ಣು ಹಿಂಡಿದ್ರ ಹತ್ತತೈತಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೊಳಗ 15ರಿಂದ 49 ವರ್ಷದ ಹೆಂಗಸರಾಗ ನೂರಕ್ಕ 57 ಮಂದಿಗೆ ರಕ್ತಹೀನತೆ, ಗಂಡಸರಾಗ 25. ಇದು ಹಣೇಬರಾ ಅಲ್ಲ, ಬಡಸೂ ಸರತಿ.

ನಾನೇನು ದೊಡ್ಡ ಶಾಣ್ಯಾಕಿ ಅಲ್ಲ. ನನಗ 43 ಇದ್ದಾಗ ಮುಟ್ಟು ಎಂಟೆಂಟು ದಿನ, ಗಡ್ಡಿ ಗಡ್ಡಿ ರಕ್ತ. "ನಿಲ್ಲೂ ಮುಂದ ಹಂಗ ಆಗತೈತಿ" ಅಂತ ನೀವ ಹೇಳಿದ್ರಿ, ನಾನೂ ನಂಬಿದೆ. ಟಿವಿಯಾಗ ತೋರಸೂ ಪುಡಿ ಡಬ್ಬಿ ತಂದು ಹಾಲಿಗೆ ಹಾಕ್ಕೊಂಡು ಕುಡದೆ. ಎರಡು ವರ್ಷ! ಮಾಳಗಿ ಏರಿದ್ರ ತೇಕು. ಅಕ್ಕಿ ಆರಿಸ್ಕೋತ ಹಸಿ ಅಕ್ಕಿನ ಮುಷ್ಟಿ ಮುಷ್ಟಿ ತಿಂತಿದ್ದೆ, ನೆನಪೈತಿಲ್ಲ? ಮತ್ತ ಲಗ್ನದಾಗ ಮಳಿ ಬರತೈತಿ ಅಂತ ನೀವು ನಕ್ಕಿದ್ರಿ. ಅದು ಕಬ್ಬಿಣದಂಶ ಕಡಿಮಿ ಆಗಿದ್ದರ ಲಕ್ಷಣ ಅಂತ ಆಮ್ಯಾಲೆ ತಿಳೀತು. ಪರೀಕ್ಷಿ ಮಾಡಿಸಿದ್ರ ಹಿಮೋಗ್ಲೋಬಿನ್ 6.8, ಹನ್ನೆರಡಾದ್ರೂ ಇರಬೇಕಿತ್ತು. ಗರ್ಭಚೀಲದಾಗ ಗಂಟು. ಸೂಜಿಲೆ ಕಬ್ಬಿಣ ಏರಿಸ್ಕೊಂಡೆ, ಗಂಟಿಗೆ ಔಷಧ ಆತು. ಯಾವ ಡಬ್ಬಿನೂ ಸೋರೂ ಕೊಡಾ ತುಂಬಸೂದಿಲ್ಲ.

ಇನ್ನ ಸಣ್ಣ ಸೊಸಿಯರ ಮಾತು. ಬಸುರಿ ಅಂತ ಗೊತ್ತಾದ ಮ್ಯಾಲೆ ಗುಳಿಗಿ ಕೊಡೂದು ನಮ್ಮ ಪದ್ಧತಿ. ಕೂಸಿನ ಬೆನ್ನುಹುರಿ ಮೊದಲ ನಾಕ ವಾರದಾಗ ಕೂಡಿ ಬಿಡತೈತಿ. ಅಷ್ಟೊತ್ತಿಗೆ ಎಷ್ಟೋ ಮಂದಿಗೆ ಬಸುರಾಗಿದ್ದ ಗೊತ್ತಿರೂದಿಲ್ಲ. ಫೋಲಿಕ್ ಆಸಿಡ್ ಶುರು ಮಾಡೂದು ಕೂಸು ಬೇಕು ಅಂತ ಮನಸು ಮಾಡಿದಾಗ, ಸೀಮಂತಕ್ಕ ಅಲ್ಲ. ಆಶಾ ಅಕ್ಕಾರು ಕೊಡೂ ಕೆಂಪ ಗುಳಿಗಿ ಬಸುರಿದ್ದಾಗ 180 ದಿನ, ಹಡದ ಮ್ಯಾಲೆ ಮತ್ತ 180 ದಿನ ನುಂಗಬೇಕು. ನಾವು "ಕೂಸು ಕರ್ರಗ ಹುಟ್ಟತೈತಿ" ಅಂತ ಕಪಾಟಿನ ಹಿಂದ ಒಗೀತೀವಿ. ಸಂಡಾಸ ಕರ್ರಗಾಗತೈತಿ, ಕೂಸಲ್ಲ ನಮ್ಮವ್ವಾ!

ಹಂಗಂತ ಸೊಸಿ ಬಿಟ್ಟ ಕಬ್ಬಿಣದ ಗುಳಿಗಿ ಅತ್ತಿಗೆ ನುಂಗಸಬ್ಯಾಡ್ರಿ. ಮುಟ್ಟು ನಿಂತ ಮ್ಯಾಲೆ ಕಬ್ಬಿಣ ಅಷ್ಟು ಬೇಕಾಗೂದಿಲ್ಲ. ಆ ವಯಸ್ಸಿನಾಗೂ ರಕ್ತ ಕಡಿಮಿ ಬಂತಂದ್ರ ಹೊಟ್ಟಿಯಾಗ, ಕರಳಾಗ ಎಲ್ಲೆರೆ ಸೋರಾಕತ್ತೇತೇನು ಅಂತ ಡಾಕ್ಟರ್ ನೋಡಬೇಕು. ಅತ್ತಿಗೆ ಬೇಕಾದದ್ದು ಎಲುಬಿಗೆ ಕ್ಯಾಲ್ಸಿಯಂ, ದಿನಕ್ಕ 1200 ಮಿಲಿಗ್ರಾಂ. ಜ್ವಾಳದ ರೊಟ್ಟಿಯಾಗ ಅದು ಭಾಳ ಇಲ್ಲ. ರಾಗಿ, ಎಳ್ಳು, ಹಾಲು, ಮಸರಿನಾಗ ಐತಿ. ಮತ್ತ ಬಿಸಿಲಿಂದ ಬರೂ ಡಿ. ಮೊಮ್ಮಕ್ಕಳಿಗೆ ಗಟ್ಟಿ ಮಸರು, ಮುದುಕಿಗೆ ನೀರು ಮಜ್ಜಗಿ, ಇದ್ಯಾವ ನ್ಯಾಯ? ಕಾಯಿಪಲ್ಲೆ ತಿಂದು ಇರೋರಿಗೆ ಬಿ12 ಹಾಲು ಮಸರಿಂದನ ಬರಬೇಕು. ವಯಸ್ಸಾದ್ರ ಅದೂ ಪೂರಾ ಹತ್ತೂದಿಲ್ಲ, ಸಕ್ಕರಿ ಬ್ಯಾನಿಯ ಮೆಟ್‌ಫಾರ್ಮಿನ್ ಗುಳಿಗಿ ನುಂಗೋರಿಗಂತೂ ಇನ್ನೂ ಕಡಿಮಿ. ಕಾಲು ಜುಮು ಜುಮು ಅಂದ್ರ ವಾಯು ಅಂತ ಎಣ್ಣಿ ತಿಕ್ಕೋತ ಕೂಡಬ್ಯಾಡ್ರಿ, ರಕ್ತ ತೋರಸ್ರಿ.

"ನಮ್ಮವ್ವ ಇದ್ಯಾವುದೂ ಇಲ್ಲದ ಎಂಟು ಹಡದ್ಲು" ಅಂತ ನಮ್ಮ ಕಾಕು ಜಗಳಾಕ ಬರತಾರ. ಬರ್ರಿ ಕಾಕು. ಎಂಟರಾಗ ಉಳದವರು ಎಷ್ಟು? ನಿಮ್ಮವ್ವ ಅರವತ್ತರಾಗ ನೆಲಾ ನೋಡ್ಕೋತ ನಡೀತಿದ್ಲು, ಅದನ್ನೂ ಹೇಳ್ರಿ.

ಬರೂ ಐತವಾರ ನಮ್ಮನಿಯಾಗ ಉಂಡಿ ಕಟ್ಟಾಕತ್ತೀವಿ, ಬಾಣಂತಿ ಅಲ್ಲದವರಿಗೆ. ಉಂಡಿಯಿಂದ ಹಿಮೋಗ್ಲೋಬಿನ್ ಏರತೈತಿ ಅಂತ ನಾ ಹೇಳೂದಿಲ್ಲ, ಅದಕ್ಕ ಶನಿವಾರ ಎಲ್ಲಾರೂ ಕೂಡಿ ಸರಕಾರಿ ದವಾಖಾನಿಗೆ ಹೋಗಿ ರಕ್ತ ಕೊಟ್ಟು ಬರೂಣು. ಒಬ್ಬೊಬ್ಬರು ಪಾವ್ ಕಿಲೋ ಉತ್ತತ್ತಿ ತರ್ರಿ. ಕೊಬ್ಬರಿ ಹೆರಿಯೂ ಕೆಲಸ ನಮ್ಮನಿಯವರಿಗೆ ಹಚ್ಚೇನಿ.